ಸೂಜಿಕೋವಿಯ ಡ್ರೈಸೆ

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹಳ್ಳಿಗಳಲ್ಲಿ ಕೋವಿಯೆಂಬುದು ಅಪರಿಚಿತ ವಸ್ತುವೇನೂ ಅಲ್ಲ. ಹಂದಿ, ಮಂಗಗಳ ಕಾಟದಿಂದ ಬೆಳೆಯನ್ನು ಕಾಯಲು ಪರವಾನಿಗೆ ಪಡೆದ ಕೋವಿಗಳು ಕೆಲವು ಕೃಷಿಕರ ಮನೆಗಳಲ್ಲಿವೆ. ಚುನಾವಣೆ ಬಂತೆಂದರೆ ಅವುಗಳನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಮರಳಿ ತರುವುದು ವಾಡಿಕೆ. ಆದರೆ ಕುದುರೆಯನ್ನೆಳೆದಾಗ ಒಳಗೆ ನಡೆಯುವುದೇನು, ಎಳೆದರೂ ಈಡು ಹಾರದಿದ್ದರೆ ಕಾರಣವೇನು ಎಂದು ವಿಚಾರಿಸುವವರು ವಿರಳ. ಎನ್.ಸಿ.ಸಿ.ಯಲ್ಲಿ .22 ರೈಫಲನ್ನು ಕೈಯಲ್ಲಿ ಹಿಡಿದ ಮೇಲೆ ನನಗೆ ಈ ಪ್ರಶ್ನೆ ಹುಟ್ಟಿತು. ಉತ್ತರವನ್ನು ಅರಸುತ್ತ ಹೋದಾಗ ದೊರೆತುದು ಜರ್ಮನಿಯ ಒಬ್ಬ ಕುಶಲಕರ್ಮಿಯ ಜೀವನ ವೃತ್ತಾಂತ.

ಯೋಹಾನ್ ನಿಕೋಲಸ್ ಡ್ರೈಸೆ 1787ರ ನವೆಂಬರ್ 20ರಂದು ಎರ್ಫುರ್ಟ್ ನಗರದ ಸಮೀಪದ ಸೋಮರ್ಡಾ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ತಂದೆ ಬೀಗ ಮಾಡುವವನು. ಮಗನೂ ಅದೇ ಕಸುಬನ್ನು ಕಲಿತು, ಆ ಕಾಲದ ಕುಶಲಕರ್ಮಿಗಳ ಪದ್ಧತಿಯಂತೆ ಕೆಲಸ ಹುಡುಕಿಕೊಂಡು ಊರೂರು ಅಲೆದನು. 1809ರಲ್ಲಿ ಪ್ಯಾರಿಸನ್ನು ಸೇರಿ, ಸ್ವಿಟ್ಜರ್ಲೆಂಡಿನ ಪೌಲಿ ಎಂಬವನ ಕೋವಿ ಕಾರ್ಖಾನೆಯಲ್ಲಿ ದುಡಿದನು. ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ತೋಟೆಯಲ್ಲಿ ಸೇರಿಸಿ, ನಳಿಗೆಯ ಬಾಯಿಯ ಬದಲು ಹಿಂಬದಿಯಿಂದ ತುಂಬುವ ಕೋವಿಯನ್ನು ಪೌಲಿ 1812ರಲ್ಲಿ ರಚಿಸಿದ್ದನು. 1814ರಲ್ಲಿ ಊರಿಗೆ ಮರಳಿದ ಡ್ರೈಸೆ ಅಲ್ಲಿ ಕಂಡುದನ್ನು ಮರೆಯಲಿಲ್ಲ. 1824ರಲ್ಲಿ ಪಾಲುದಾರಿಕೆಯಲ್ಲಿ ಕೇಪು ತಯಾರಿಸುವ ಉದ್ಯಮವನ್ನು ಆರಂಭಿಸಿದನು. ಏಟು ಬಿದ್ದೊಡನೆ ಸಿಡಿದು ಮದ್ದಿಗೆ ಬೆಂಕಿ ಕೊಡುವ ಈ ಕೇಪೇ ಇಂದು ತೋಟೆಯೊಳಗೆ ಪ್ರೈಮರ್ ಎಂಬ ಹೆಸರಿನಿಂದ ಕುಳಿತಿದೆ.

1836ರ ವೇಳೆಗೆ ಡ್ರೈಸೆಯ ಹಿಂಬದಿ ತುಂಬುವ ಕೋವಿ ಸಿದ್ಧವಾಯಿತು. ಬೀಗದವನ ಮಗನ ಕೈಗುಣ ಅದರಲ್ಲಿ ಎದ್ದು ಕಾಣುತ್ತದೆ. ಬಾಗಿಲಿನ ಚಿಲಕದಂತೆ ಹಿಡಿಯನ್ನು ಎತ್ತಿ ಹಿಂದಕ್ಕೆಳೆದರೆ ನಳಿಗೆ ತೆರೆಯುತ್ತದೆ. ತೋಟೆಯನ್ನಿಟ್ಟು ಮುಂದಕ್ಕೆ ತಳ್ಳಿ ತಿರುಗಿಸಿದರೆ ಮುಚ್ಚುತ್ತದೆ. ತೋಟೆ ಕಾಗದದ್ದು. 1857ರಲ್ಲಿ ನಮ್ಮ ಸಿಪಾಯಿಗಳ ಮನಸ್ಸನ್ನು ಕದಡಿದ ತೋಟೆಯೂ ಕಾಗದದ್ದೇ; ಅದನ್ನು ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಾಗಿತ್ತು. ಡ್ರೈಸೆಯ ತೋಟೆಯನ್ನು ಹರಿಯಬೇಕಾಗಿರಲಿಲ್ಲ. ಅದರ ಕೇಪು ಇದ್ದುದು ತಳದಲ್ಲಲ್ಲ, ಮದ್ದಿನ ಆಚೆ, ಗುಂಡಿನ ಬುಡದಲ್ಲಿ. ಆದುದರಿಂದ ಚಿಲಕದೊಳಗಿನ ಉದ್ದವಾದ ಉಕ್ಕಿನ ಸೂಜಿಯೊಂದು ಸ್ಪ್ರಿಂಗಿನ ಬಲದಿಂದ ಮುನ್ನುಗ್ಗಿ, ಕಾಗದವನ್ನು ಚುಚ್ಚಿ, ಮದ್ದನ್ನು ಹಾಯ್ದು ಕೇಪನ್ನು ಕುಟ್ಟಬೇಕಿತ್ತು. ಸೂಜಿಕೋವಿ ಎಂಬ ಹೆಸರು ಬಂದುದು ಹೀಗೆ.

ಜಾಣತನವೂ ದೋಷವೂ ಒಂದೇ ಸ್ಥಳದಲ್ಲಿ ಇದ್ದುವು. ಮದ್ದು ಉರಿಯುವಾಗ ಸೂಜಿ ಆ ಬೆಂಕಿಯ ನಡುವೆಯೇ ಇರುತ್ತಿತ್ತು. ಕಾವಿಗೂ ಮದ್ದಿನ ಕಿಟ್ಟಕ್ಕೂ ಸಿಕ್ಕಿ ತುಕ್ಕು ತಿಂದು, ಶಕ್ತಿಗುಂದಿ, ಕಡೆಗೆ ಮುರಿಯುತ್ತಿತ್ತು. ರಣರಂಗದಲ್ಲಿ ಸೂಜಿ ಮುರಿದ ಸೈನಿಕನ ಕೈಯಲ್ಲಿ ಉಳಿಯುವುದು ಬರಿಯ ದೊಣ್ಣೆ. ಇದಕ್ಕೆ ದೊರೆತ ಪರಿಹಾರ ಬಹಳ ಸರಳವಾದುದು. ಪ್ರತಿಯೊಬ್ಬ ಸೈನಿಕನಿಗೂ ಬದಲಿ ಸೂಜಿಗಳನ್ನು ಕೊಟ್ಟರು. ಕಮ್ಮಾರನ ಬಳಿಗೆ ಓಡದೆ, ನಿಂತಲ್ಲಿಯೇ ಹಳೆಯದನ್ನು ತೆಗೆದು ಹೊಸದನ್ನು ಹಾಕಿಕೊಳ್ಳಲು ಚಿಲಕದ ರಚನೆ ಅನುಕೂಲವಾಗಿತ್ತು. ಮುರಿಯುವುದನ್ನು ಮುರಿಯುವುದಿಲ್ಲವೆಂದು ಹೇಳಿ ಮಾರಲಿಲ್ಲ. ಮುರಿದರೆ ಏನು ಮಾಡಬೇಕೆಂಬುದನ್ನು ಕೋವಿಯೊಂದಿಗೇ ಕೊಟ್ಟರು.

1840ರಲ್ಲಿ ಪ್ರಷ್ಯದ ರಾಜನು 60,000 ಕೋವಿಗಳನ್ನು ಕೇಳಿದನು. ಗುಟ್ಟು ಹೊರಬೀಳದಿರಲೆಂದು ಅದಕ್ಕೆ ಹಗುರವಾದ ಕೇಪುಕೋವಿ ಎಂಬ ಸಾಮಾನ್ಯ ಹೆಸರನ್ನಿಟ್ಟರು. 1864ರಲ್ಲಿ ಡ್ರೈಸೆಗೆ ಕುಲೀನ ಪದವಿ ಲಭಿಸಿತು. ನಮ್ಮ ಇತಿಹಾಸ ಪಾಠದಲ್ಲಿ ಬಿಸ್ಮಾರ್ಕನ ಹೆಸರಿದೆ, 1866ರ ಯುದ್ಧವಿದೆ, ಸೂಜಿಯ ಮಾತು ಮಾತ್ರ ಅಪರೂಪ. ಆ ವರ್ಷದ ಜುಲೈ 3ರಂದು ಕೋನಿಗ್ರಾಟ್ಜ್‌ನಲ್ಲಿ ಆಸ್ಟ್ರಿಯದ ಸೈನಿಕನು ನಳಿಗೆಯ ಬಾಯಿಯಿಂದ ಮದ್ದು ಜಡಿಯಲು ನಿಂತಿರಬೇಕಾಗಿತ್ತು. ಪ್ರಷ್ಯದವನು ಮಲಗಿಕೊಂಡೇ ಹಲವು ಪಟ್ಟು ವೇಗವಾಗಿ ಗುಂಡು ಹಾರಿಸುತ್ತಿದ್ದನು. ಪ್ರಷ್ಯದ ನಷ್ಟ ಸುಮಾರು 9,000. ಆಸ್ಟ್ರಿಯದ ಪಕ್ಷದಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ 40,000ಕ್ಕೂ ಹೆಚ್ಚು. ಗೆಲುವಿಗೆ ಸೇನಾನಿಯ ಯೋಜನೆ, ರೈಲುಮಾರ್ಗ ಮೊದಲಾದ ಬೇರೆ ಕಾರಣಗಳೂ ಇದ್ದುವು. ಆದರೂ ಆ ಹೆಣಗಳ ಲೆಕ್ಕದಲ್ಲಿ ಸೂಜಿಗೂ ಪಾಲಿದೆಯೆಂಬುದನ್ನು ಮರೆಮಾಚಿ ಈತನನ್ನು ಹೊಗಳುವುದು ಸರಿಯಲ್ಲ.

1867ರ ಡಿಸೆಂಬರ್ 9ರಂದು ಡ್ರೈಸೆ ಹುಟ್ಟಿದೂರಿನಲ್ಲಿಯೇ ತೀರಿಕೊಂಡನು. ಅಷ್ಟರಲ್ಲಿ ಅವನ ಕೋವಿ ಹಳತಾಗತೊಡಗಿತ್ತು. 1866ರ ಫ್ರಾನ್ಸಿನ ಶಾಸ್ಪೋ ರೈಫಲು ಕೇಪನ್ನು ತೋಟೆಯ ತಳಕ್ಕೆ ತಂದಿತು. ಸೂಜಿ ಮದ್ದನ್ನು ಹಾಯುವ ಕಷ್ಟ ತಪ್ಪಿತು. 1871ರಲ್ಲಿ ಮೌಸರನ ರೈಫಲು ಲೋಹದ ತೋಟೆಯನ್ನು ಬಳಸಿತು. ಪ್ರೈಮರ್ ಹಿತ್ತಾಳೆಯ ತಳದಲ್ಲಿ ಕುಳಿತಿತು. ಸೂಜಿ ಮೊಂಡಾಗಿ, ಗಟ್ಟಿಯಾಗಿ ಫೈರಿಂಗ್ ಪಿನ್ ಆಯಿತು. ಬೆಂಕಿ ತೋಟೆಯೊಳಗೇ ಉಳಿಯಿತು. ನಮ್ಮ ಪೋಲೀಸರು ದೀರ್ಘಕಾಲ ಹೊತ್ತ .303 ರೈಫಲು ಈ ಪರಂಪರೆಯದೇ.

ದೋಷಗಳು ಕಡಿಮೆಯಾದುವೇ ಹೊರತು ಇಲ್ಲವಾಗಲಿಲ್ಲ. ಸ್ಪ್ರಿಂಗು ಸಡಿಲವಾದರೆ, ಪಿನ್ನಿನ ತುದಿ ಸವೆದರೆ, ಚಿಲಕದೊಳಗೆ ಎಣ್ಣೆ ಜಿಡ್ಡುಗಟ್ಟಿದರೆ ಏಟು ದುರ್ಬಲವಾಗಿ ಪ್ರೈಮರಿನ ಮೇಲೆ ಬರಿಯ ಕಲೆಯಷ್ಟೇ ಬೀಳುತ್ತದೆ. ಪಿನ್ನು ಅಳತೆ ಮೀರಿ ಚಾಚಿದ್ದರೆ ಪ್ರೈಮರ್ ತೂತಾಗಿ ಬಿಸಿ ಹೊಗೆ ಹಿಂದಕ್ಕೆ ನುಗ್ಗುತ್ತದೆ. ಏಟು ಸರಿಯಾಗಿ ಬಿದ್ದೂ ಸಿಡಿಯದಿದ್ದರೆ ತೋಟೆಯೇ ತೇವದಿಂದ ಕೆಟ್ಟಿರಬಹುದು. ನಮ್ಮ ಕರಾವಳಿಯ ಉಪ್ಪುಗಾಳಿಗೂ ಮಳೆಗಾಲಕ್ಕೂ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಚಿಲಕವನ್ನು ಒರಸಿ, ಹಳೆಯ ಜಿಡ್ಡನ್ನು ತೆಗೆದು, ತೆಳುವಾಗಿ ಎಣ್ಣೆ ಸವರುವುದು ಮೊದಲ ಚಿಕಿತ್ಸೆ. ಪಿನ್ನು, ಸ್ಪ್ರಿಂಗುಗಳನ್ನು ಬದಲಾಯಿಸುವುದು ಬಲ್ಲವರ ಕೆಲಸ. ಈಡು ಹಾರದಾಗ ಒಡನೆ ಚಿಲಕ ತೆರೆಯಬಾರದು. ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು ಸ್ವಲ್ಪ ಹೊತ್ತು ಕಾಯಬೇಕು. ತಡವಾಗಿ ಸಿಡಿಯುವುದೂ ಉಂಟು.

ಬೈಂದೂರಿನ ಕಡೆ ನನ್ನ ತಂದೆಯವರು ಕತ್ತಿ, ಹಾರೆಗಳನ್ನು ಹದಗೊಳಿಸಿ ಸಂಸಾರ ಸಾಗಿಸುತ್ತಾರೆ. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಓದಿದವನು ಕುಲುಮೆಯ ಹತ್ತಿರ ಸುಳಿಯಬಾರದೆಂದು ನೆಂಟರು ಹೇಳುವುದುಂಟು. ಡ್ರೈಸೆಯ ಚರಿತ್ರೆಯನ್ನು ತಿಳಿದ ಮೇಲೆ ಆ ಮಾತನ್ನು ನಾನು ಒಪ್ಪಲಾರೆ. ಬೀಗದಂಗಡಿಯಲ್ಲಿ ಕಲಿತ ಕೈಯೇ ಅವನ ಬುದ್ಧಿಗೂ ದಾರಿ ತೋರಿತು. ಅವನ ಕೋವಿ ನಮಗೆ ಬೇಡ. ತನ್ನ ಕೆಲಸದಲ್ಲಿ ಎಲ್ಲಿ ಮುರಿಯುತ್ತದೆಂಬುದನ್ನು ಮೊದಲೇ ಅರಿತು, ಬದಲಿ ಸೂಜಿಯನ್ನು ಜೊತೆಗಿಟ್ಟುಕೊಳ್ಳುವ ವಿವೇಕ ಮಾತ್ರ, ಈ ವರ್ಷ ಕಾಲೇಜನ್ನು ಬಿಟ್ಟು ಹೊರಡುವ ನಮಗೆಲ್ಲರಿಗೂ ಬೇಕು.