ಬೇಸಗೆಯ ಬೆಳಕಿನಲ್ಲಿ ಆಂಡರ್ಸ್ ಸೆಲ್ಸಿಯಸ್

ತಾಪಮಾಪಕದ ಪಾಠದಲ್ಲಿ ಸೆಲ್ಸಿಯಸ್ ಎಂಬ ಹೆಸರು ಬಂದೇ ಬರುತ್ತದೆ. ಆ ಹೆಸರಿನವರು ಖಗೋಳಶಾಸ್ತ್ರಜ್ಞರೆಂಬುದು ತರಗತಿಯಲ್ಲಿ ಉಳಿದುಹೋಗುವ ಮಾತು.

ಆಂಡರ್ಸ್ ಸೆಲ್ಸಿಯಸ್ 1701ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಹುಟ್ಟಿದರು. ತಂದೆಯೂ ಖಗೋಳಶಾಸ್ತ್ರದ ಪ್ರಾಧ್ಯಾಪಕರು. 1730ರಲ್ಲಿ ಮಗನಿಗೂ ಅದೇ ಹುದ್ದೆ ದೊರೆಯಿತು.

ಉಪ್ಸಾಲಾ ಸುಮಾರು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಡುಬೇಸಗೆಯ ನಡುರಾತ್ರಿಯಲ್ಲೂ ಅಲ್ಲಿ ಸೂರ್ಯ ದಿಗಂತದಿಂದ ಏಳು ಡಿಗ್ರಿಯಷ್ಟೇ ಕೆಳಗಿರುತ್ತಾನೆ. ನಮ್ಮಲ್ಲಿ ಜೂನ್ ತಿಂಗಳ ನಕ್ಷತ್ರಗಳನ್ನು ಮುಂಗಾರಿನ ಮೋಡ ಮುಚ್ಚಿದರೆ, ಅಲ್ಲಿ ಬೆಳಕೇ ಮುಚ್ಚುತ್ತದೆ. ಆದರೆ ನಕ್ಷತ್ರ ಕಾಣದ ದಿನವೂ ಹವಾಮಾನ ಇದ್ದೇ ಇರುತ್ತದೆ. ಎರಿಕ್ ಬರ್ಮನ್ 1722ರಲ್ಲಿ ಅಲ್ಲಿ ಆರಂಭಿಸಿದ ಹವಾಮಾನ ದಾಖಲೆಯನ್ನು ಸೆಲ್ಸಿಯಸ್ ಮುಂದುವರಿಸಿದರು. ಆ ಸರಣಿ ಇಂದಿಗೂ ನಡೆಯುತ್ತಿದೆ.

1736ರಲ್ಲಿ ಮೋಪರ್ಟ್ವಿ ನೇತೃತ್ವದ ಫ್ರೆಂಚ್ ತಂಡದೊಡನೆ ಅವರು ಲ್ಯಾಪ್‌ಲ್ಯಾಂಡಿಗೆ ಹೋದರು. ಭೂಮಿ ಧ್ರುವಗಳಲ್ಲಿ ಚಪ್ಪಟೆಯೇ ಎಂಬ ವಿವಾದ ತೀರಬೇಕಿತ್ತು. ರಾತ್ರಿಯಿಲ್ಲದ ಬೇಸಗೆಯಲ್ಲಿ ತಂಡ ಬೆಟ್ಟಗಳನ್ನೇರಿ, ಸೊಳ್ಳೆ ನೊಣಗಳ ಕಾಟದ ನಡುವೆ ಕೋನಗಳನ್ನು ಅಳೆಯಿತು. ನಕ್ಷತ್ರವೀಕ್ಷಣೆ ಶರತ್ಕಾಲದವರೆಗೆ ಕಾಯಿತು. ಡಿಸೆಂಬರಿನಲ್ಲಿ ಹೆಪ್ಪುಗಟ್ಟಿದ ಟೊರ್ನೆ ನದಿಯ ಮೇಲೆ ಆಧಾರರೇಖೆಯನ್ನು ಅಳೆದರು. ನ್ಯೂಟನ್ನರ ನಿಲುವೇ ಸರಿಯೆಂದು ತಿಳಿಯಿತು. ಆಯಾ ಋತು ಅನುಕೂಲ ಮಾಡಿಕೊಟ್ಟ ಕೆಲಸವನ್ನು ಆಗಲೇ ಮಾಡಿದ್ದರಿಂದ ಇದು ಸಾಧ್ಯವಾಯಿತು.

1741ರಲ್ಲಿ ಉಪ್ಸಾಲಾದಲ್ಲಿ ಅವರ ವೀಕ್ಷಣಾಲಯ ಸಿದ್ಧವಾಯಿತು. ಮರುವರ್ಷ ತಾಪಮಾನದ ಅಳತೆಪಟ್ಟಿಯನ್ನು ಮಂಡಿಸಿದರು. ಅದರಲ್ಲಿ ನೀರು ಕುದಿಯುವ ಬಿಂದು 0, ಹೆಪ್ಪುಗಟ್ಟುವ ಬಿಂದು 100. ವಾಯುಭಾರ ಬದಲಾದರೆ ಕುದಿಯುವ ಬಿಂದುವೂ ಬದಲಾಗುತ್ತದೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. 1744ರಲ್ಲಿ, 42ನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡರು. ಅಳತೆಪಟ್ಟಿ ತಲೆಕೆಳಗಾಗಿ ಇಂದಿನ ರೂಪ ಪಡೆದದ್ದು ಅನಂತರ.

ಬೋಧನಾಭ್ಯಾಸಕ್ಕೆ ಈ ಜೀವನದಿಂದ ಎರಡು ಪ್ರಶ್ನೆ ಸಿಗುತ್ತವೆ. ಅವರ ಮೂಲ ಅಳತೆಪಟ್ಟಿಯಲ್ಲಿ 75 ಎಂದು ಬರೆದ ದಿನ ಚಳಿಯದೋ ಸೆಕೆಯದೋ? ಉತ್ತರ: ಇಂದಿನ 25 ಡಿಗ್ರಿ, ಅಂದರೆ ಹಿತವಾದ ಬೇಸಗೆ. ಎರಡನೆಯದು, ಅವರ ಕಾಲದ ಜೂನ್ 24 ನಮ್ಮ ಜೂನ್ 24ರೇ? ಅಲ್ಲ. ಸ್ವೀಡನ್ 1753ರವರೆಗೆ ಹಳೆಯ ಜೂಲಿಯನ್ ಪಂಚಾಂಗದಲ್ಲಿತ್ತು. ಅಂದಿನ ಜೂನ್ 24 ಇಂದಿನ ಜುಲೈ 5. ಅತಿ ದೀರ್ಘ ಹಗಲು ಅಂದು ಜೂನ್ 10ರ ಆಸುಪಾಸಿನಲ್ಲೇ ಬರುತ್ತಿತ್ತು. ಹಳೆಯ ನಡುಬೇಸಗೆಯನ್ನು ಇಂದಿನದಕ್ಕೆ ಹೋಲಿಸುವ ಮುನ್ನ ಅಳತೆಪಟ್ಟಿ, ಪಂಚಾಂಗ ಎರಡನ್ನೂ ವಿಚಾರಿಸಬೇಕು. ಮಕ್ಕಳು ಶಾಲೆಯಂಗಳದಲ್ಲಿ ಬರೆಯುವ ಹವಾಮಾನ ಪುಸ್ತಕದಲ್ಲೂ ಅಂಕಿಯ ಜೊತೆ ದಿನಾಂಕ, ವೇಳೆ, ಸ್ಥಳ, ಮಾನ ಇರಲಿ. ಮುಂದೆ ಓದುವವರಿಗೆ ಅವಿಲ್ಲದೆ ಅಂಕಿ ಉಪಯೋಗಕ್ಕೆ ಬಾರದು.