ಪಿಯಾನೊ ನುಡಿಸುತ್ತಿದ್ದ ಮಹಾರಾಜರು
ಮಾಮು ಕೊಟ್ಟ ಹಳೆಯ ಕೀಬೋರ್ಡಿನಲ್ಲಿ ಸಿ, ಇ, ಜಿ ಒತ್ತೊತ್ತಾಗಿ ಹಿಡಿದರೆ ಒಂದು ನಾದ. ಇ ಅನ್ನು ಮೇಲಿನ ಸ್ಥಾಯಿಗೆ ಸರಿಸಿದರೆ ಅದೇ ಕಾರ್ಡ್ ಬೇರೆಯೇ ಕೇಳುತ್ತದೆ. ಯಾವುದನ್ನು ಆರಿಸಲಿ ಎಂದು ತಡಕಾಡುವಾಗ ನನಗೆ ಜಯಚಾಮರಾಜ ಒಡೆಯರ್ ನೆನಪಾಗುತ್ತಾರೆ.

1919ರಲ್ಲಿ ಹುಟ್ಟಿದ ಅವರಿಗೆ ಪಿಯಾನೊ ವಾದಕರಾಗುವ ಆಸೆಯಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪನೂ ತೀರಿಕೊಂಡರು. ಇಪ್ಪತ್ತೊಂದನೇ ವಯಸ್ಸಿಗೇ, ನಮ್ಮ ಚಿತ್ರದುರ್ಗವೂ ಸೇರಿದ್ದ ಮೈಸೂರಿನ ಸಿಂಹಾಸನ ಏರಬೇಕಾಯಿತು. ಆಸೆ ಅಲ್ಲಿಗೇ ನಿಂತಿತು, ಪ್ರೀತಿ ನಿಲ್ಲಲಿಲ್ಲ. ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು ಇವರಿಗೇ ಅರ್ಪಿಸಿದರು. ಸ್ವತಃ ಒಡೆಯರ್ 94 ಕೃತಿ ರಚಿಸಿದ್ದು ಮಾತ್ರ ಕರ್ನಾಟಕ ಸಂಗೀತದಲ್ಲಿ. ಅಲ್ಲಿ ಕಾರ್ಡೇ ಇಲ್ಲ! 1974ರಲ್ಲಿ ನಿಧನರಾದರು.

ನಾನು ಸಿಎ ಆಗಬೇಕೆಂಬುದು ಅಬ್ಬಾ ಅವರ ಆಸೆ. ಪರೀಕ್ಷೆ ಮುಗಿಯುವವರೆಗೆ ಕೀಬೋರ್ಡ್ ಬೀರುವಿನ ಮೇಲಿದೆ.