ಕಾರಂತರು ಕೊಟ್ಟ ಉತ್ತರ

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ತಂದೆ ತೀರಿಕೊಂಡರು. ಹೊತ್ತ ಹರಕೆಗಳೊಂದೂ ಫಲಿಸಲಿಲ್ಲ. ದೇವರೇ ಇಲ್ಲವೆಂದಾದರೆ ಬದುಕುವುದೇಕೆಂದು ನಮ್ಮ ವಿಜ್ಞಾನ ಮೇಷ್ಟ್ರನ್ನು ಕೇಳಿದೆ. ಅವರು ಶಾಲೆಯ ಗ್ರಂಥಾಲಯದಿಂದ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟವೊಂದನ್ನು ತಂದು ಕೈಗಿಟ್ಟರು.

ಕಾರಂತರು 1902ರಲ್ಲಿ ಕೋಟದಲ್ಲಿ ಹುಟ್ಟಿದವರು. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ತಮ್ಮ ಅನುಭವಕ್ಕೆ ಬಾರದ ದೇವರನ್ನು ಅವರು ನಂಬಲಿಲ್ಲ. ಅಗಾಧ ವಿಶ್ವದಲ್ಲಿ ಮನುಷ್ಯ ಎಷ್ಟು ಚಿಕ್ಕವನೆಂದು ಬಲ್ಲವರಾದರೂ ಕೈಕಟ್ಟಿ ಕೂರಲಿಲ್ಲ. ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಬೆರೆತರು, ಯಕ್ಷಗಾನಕ್ಕಾಗಿ ದುಡಿದರು, ‘ಮೂಕಜ್ಜಿಯ ಕನಸುಗಳು’ ಬರೆದು ಜ್ಞಾನಪೀಠ ಪಡೆದರು, ಇಳಿವಯಸ್ಸಿನಲ್ಲೂ ಕೈಗಾ ಅಣುಸ್ಥಾವರದ ವಿರುದ್ಧ ನಿಂತರು. 1997ರಲ್ಲಿ, 95ನೆಯ ವಯಸ್ಸಿನಲ್ಲಿ ಅಗಲಿದರು.

ಹುಟ್ಟುಸಾವುಗಳ ನಡುವಿನ ದಿನಗಳಿಗೆ ಅರ್ಥ ತುಂಬುವುದು ನಮ್ಮದೇ ಕೆಲಸವೆಂದು ಆ ಬಾಳು ನನಗೆ ಕಲಿಸಿತು. ಇಂದು ಅದೇ ಗ್ರಂಥಾಲಯದ ಬೀಗದ ಕೈ ನನ್ನ ಬಳಿಯಿದೆ.